ಮುಂಡರಗಿಯಿಂದ ತಂದ ಸಹಿ

ಬೆಳ್ಳಟ್ಟಿಯ ಶಾಂಭವಿಗೆ ನರ್ಸಿಂಗ್ ಸೀಟು ಸಿಕ್ಕ ಸುದ್ದಿ ಅವಳಿಗಿಂತ ಮೊದಲು ಊರಿನ ಶಾಲೆಯ ಅಡಿಗೆಮನೆಗೆ ಮುಟ್ಟಿತು. ಶಿರಹಟ್ಟಿಯಲ್ಲಿ ಬಸ್ ನಿಲ್ದಾಣದ ಎದುರು ಆನ್‌ಲೈನ್ ಅಂಗಡಿ ಇಟ್ಟಿರುವ ಶಫೀಕ ಸೀಟು ಸಿಕ್ಕವರ ಯಾದಿ ನೋಡಿದವನೇ ಶಾಂಭವಿಯ ಅವ್ವ ಶಾರದವ್ವನಿಗೆ ಫೋನು ಹಚ್ಚಿದ್ದ. ಬಿಸಿಯೂಟದ ಅಡಿಗೆಯವಳಾದ ಶಾರದವ್ವ ಆಗ ದೊಡ್ಡ ಪಾತ್ರೆಯಲ್ಲಿ ಸಾರು ತಿರುವುತ್ತಿದ್ದಳು. ಸೌಟು ಕೈಯಲ್ಲಿ ಹಿಡಿದುಕೊಂಡೇ ಅಕ್ಕಿ ಚೀಲದ ಮೇಲೆ ಕುಳಿತುಬಿಟ್ಟಳು. ಜೋಡಿ ಅಡಿಗೆ ಮಾಡುವ ಹೆಂಗಸು ಗಾಬರಿಯಾಗಿ ಯಾರಿಗೇನಾಯಿತು ಎಂದು ಕೇಳಿದರೆ, “ಯಾರಿಗೂ ಏನೂ ಆಗಿಲ್ಲವ್ವ, ನಮ್ಮ ಶಾಂಭವಿ ನರ್ಸ ಆಗ್ತಾಳಂತ” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ನರ್ಸ್ ಆಗಬೇಕೆಂಬುದು ಶಾಂಭವಿಗೆ ಯಾರೋ ಹೇಳಿಕೊಟ್ಟ ಆಸೆಯಲ್ಲ. ಅವಳು ಹೈಸ್ಕೂಲಿನಲ್ಲಿದ್ದಾಗ ಅವ್ವನ ತಾಯಿ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಮನೆಯಲ್ಲಿ ಮಲಗಿದ್ದಳು. ವಾಸನೆಗೆ ಅಂಜಿ ಬಂದವರು ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ದವಾಖಾನೆಯ ಸಿಸ್ಟರು ತೋರಿಸಿಕೊಟ್ಟ ಹಾಗೆ ಆ ಹುಣ್ಣು ತೊಳೆದು ಪಟ್ಟಿ ಕಟ್ಟಿದವಳು ಶಾಂಭವಿ. ಮುದುಕಿ ಉಳಿಯಲಿಲ್ಲ. ಆದರೂ ಆ ಕೆಲಸ ತನ್ನ ಕೈಗೆ ಒಗ್ಗುತ್ತದೆ ಎಂಬುದು ಹುಡುಗಿಗೆ ತಿಳಿಯಿತು. ವಿಜ್ಞಾನ ತೆಗೆದುಕೊಂಡಳು, ಲಕ್ಷ್ಮೇಶ್ವರಕ್ಕೆ ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಪಿಯುಸಿ ಮುಗಿಸಿದಳು, ಸಿಇಟಿ ಬರೆದಳು. ಬಾಗಲಕೋಟೆಯ ಒಂದು ಖಾಸಗಿ ಕಾಲೇಜಿನಲ್ಲಿ ಸರಕಾರಿ ಕೋಟಾದ ಸೀಟು ಬಂತು.

ಸರಕಾರಿ ಕೋಟಾ ಅಂದರೆ ಪುಕ್ಕಟೆ ಅಲ್ಲ ಎಂಬುದು ಅವ್ವ–ಮಗಳಿಗೆ ಶಫೀಕನ ಅಂಗಡಿಯಲ್ಲೇ ಗೊತ್ತಾದದ್ದು. ಕಾಲೇಜಿನದು, ಹಾಸ್ಟೆಲಿನದು ಕೂಡಿಸಿ ಅವನು ಹೇಳಿದ ಮೊತ್ತ ಶಾರದವ್ವನ ಎರಡು ಮೂರು ವರ್ಷದ ಪಗಾರವನ್ನೂ ಮೀರುತ್ತಿತ್ತು. ಅದೂ ಮೊದಲನೆಯ ವರ್ಷಕ್ಕಷ್ಟೇ.

“ಸಾಲ ಸಿಗ್ತೈತಿ, ಚಿಂತಿ ಮಾಡಬ್ಯಾಡ್ರಿ” ಎಂದ ಶಫೀಕ. “ಎರಡು ದಾರಿ ಅದಾವು. ನಿಮ್ಮ ಸಮಾಜದ ಅಭಿವೃದ್ಧಿ ನಿಗಮದಿಂದ ಸರಕಾರ ಕೊಡೋದು ಒಂದು, ಬಡ್ಡಿ ಕಡಿಮಿ, ಆದ್ರ ಅವರ ಯಾದಿ ಯಾವಾಗ ಬರ್ತೈತೋ ಹೇಳಾಕ ಬರಾಂಗಿಲ್ಲ. ಇನ್ನೊಂದು, ಸರಕಾರದ ಪೋರ್ಟಲಿನ್ಯಾಗ ಹಾಕಿ ಬ್ಯಾಂಕಿನಿಂದ ತಗೊಳ್ಳೋದು. ಎರಡೂ ತುಂಬಿ ಬಿಡೋಣು.”

ಎರಡೂ ತುಂಬಿದರು. ಆದಾಯದ ಸರ್ಟಿಫಿಕೇಟಿನಲ್ಲಿ ಶಾಂಭವಿ ಎಂದು, ಆಧಾರ್ ಕಾರ್ಡಿನಲ್ಲಿ ಶಾಂಬವಿ ಎಂದು ಇದ್ದುದರಿಂದ ಒಂದು ವಾರ ತಹಶೀಲ್ದಾರ ಕಚೇರಿಯ ಕಟ್ಟೆಯ ಮೇಲೆ ಹೋಯಿತು. ಅದು ಸರಿಯಾಗುವಷ್ಟರಲ್ಲಿ ಬ್ಯಾಂಕಿನವರು ಕರೆದರು.

ಮ್ಯಾನೇಜರರು ಕಟುಕರೇನಲ್ಲ. ಕುಂಡ್ರಿ ಅಂದರು, ಅಂಕಪಟ್ಟಿ ನೋಡಿ ತಲೆದೂಗಿದರು. ಆಮೇಲೆ ಕೇಳಿದರು:

“ತಂದಿಯವರು?”

ಶಾಂಭವಿಯೇ ಹೇಳಿದಳು: “ನಮ್ಮ ಕೂಡ ಇಲ್ರಿ. ಮುಂಡರಗ್ಯಾಗ ಇರ್ತಾರು.”

“ಡೈವೋರ್ಸ್ ಆಗೇತೇನು?”

“ಇಲ್ರಿ.”

“ಹಂಗಾದ್ರ ಅವರ ಸಹಿ ಬೇಕಾಗ್ತೈತವ್ವ. ತಾಯಿಯವರ ಪಗಾರದ ಮ್ಯಾಲ ಇಷ್ಟು ಸಾಲ ಕೊಡಾಕ ಬರೂದಿಲ್ಲ. ತಂದಿ, ತಾಯಿ ಇಬ್ಬರೂ ಕೂಡಿ ಸಾಲಗಾರರಾಗಬೇಕು. ಅವರನ್ನ ಕರ್ಕೊಂಡು ಬರ್ರಿ.”

ಹೊರಗೆ ಬಂದ ಶಾರದವ್ವ ಕಾಗದಗಳನ್ನು ಚೀಲಕ್ಕೆ ತುರುಕಿ ಬಸ್ಸು ಹತ್ತಿದಳು. ಗಂಡ ವಿರೂಪಾಕ್ಷಪ್ಪ ಮನೆ ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು. ಹೊಡೆದು ಬಡಿದು ಹೋದವನಲ್ಲ. ತನ್ನ ಪಾಲಿನ ಹೊಲ ಮಾರಿ, ಮೇಲೆ ಸಾಲ ತೆಗೆದು ಒಂದು ಟೆಂಪೊ ಹಾಕಿದ. ಅದು ಕೈಬಿಟ್ಟ ಮೇಲೆ ಊರಿನಲ್ಲಿ ಮುಖ ಎತ್ತಿ ತಿರುಗಲಾರದೆ ಮುಂಡರಗಿಗೆ ದುಡಿಯಲು ಹೋದ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ, ಬರಬರುತ್ತ ಹಬ್ಬಕ್ಕೊಮ್ಮೆ. ಆಮೇಲೆ ಅಲ್ಲಿಯೇ ಇನ್ನೊಬ್ಬಳ ಜೊತೆ ಮನೆ ಮಾಡಿದ ಎಂಬ ಮಾತು ಬಂತು. ಅಂದಿನಿಂದ ಶಾರದವ್ವ ಅವನ ಹೆಸರು ಎತ್ತಿದವಳಲ್ಲ.

ಮನೆಗೆ ಬಂದು ಒಲೆ ಹೊತ್ತಿಸುತ್ತ ಅಂದಳು: “ಅವನ ಹಂತೇಕ ನಾ ಅಂತೂ ಹೋಗಾಕಿ ಅಲ್ಲ.”

“ನಾ ಹೋಗಿ ಬರ್ತೀನಿ ಬಿಡವ್ವಾ.”

“ಹೋಗಿ ಏನಂತ ಕೇಳ್ತಿ?”

“ಸಹಿ ಕೇಳ್ತೀನಿ. ಮತ್ತೇನೂ ಕೇಳೂದಿಲ್ಲ.”

ಮುಂಡರಗಿಯ ಮಾರ್ಕೆಟಿನಲ್ಲಿ ವಿರೂಪಾಕ್ಷಪ್ಪ ಒಂದು ದಲಾಲಿ ಅಂಗಡಿಯಲ್ಲಿ ಶೇಂಗಾ ಚೀಲ ತೂಗಿಸುವ ಕೆಲಸ ಮಾಡುತ್ತಿದ್ದ. ಧೂಳಿನಲ್ಲಿ ಮೂಗಿಗೆ ವಸ್ತ್ರ ಕಟ್ಟಿಕೊಂಡು ನಿಂತಿದ್ದವನು ಎದುರಿಗೆ ಬಂದ ಹುಡುಗಿಯನ್ನು ತಟ್ಟನೆ ಗುರುತಿಸಲಿಲ್ಲ. ಅವಳು “ಅಪ್ಪಾ” ಅಂದ ಮೇಲೆ ವಸ್ತ್ರ ಕೆಳಗಿಳಿಸಿದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಶಾಂಭವಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬಿರುಸು ಮಾತುಗಳೆಲ್ಲ ಆ ಗಡ್ಡ ನೋಡಿ ಎಲ್ಲಿ ಹೋದವೋ.

“ಊರಾಗ ಎಲ್ಲಾರೂ ಆರಾಮ ಅದಾರಿಲ್ಲೋ?” ಎಂದು ಕೇಳಿದ. ಅವ್ವ ಹೇಗಿದ್ದಾಳೆ ಎಂದು ಕೇಳುವ ಧೈರ್ಯ ಸಾಲದೆ ಹಾಗೆ ಕೇಳಿದ್ದು ಅವಳಿಗೆ ತಿಳಿಯಿತು.

ಮೂಲೆಯ ಹೋಟೆಲಿಗೆ ಕರೆದುಕೊಂಡು ಹೋಗಿ ಗಿರಮಿಟ್ಟು, ಮಿರ್ಚಿ ತರಿಸಿದ. ಅವಳು ಸೀಟಿನ ವಿಷಯ, ಸಾಲದ ವಿಷಯ, ಸಹಿಯ ವಿಷಯ ಹೇಳಿದಳು. ಅವನು ಪ್ರತಿ ಮಾತಿಗೂ ಹೂಂ ಅನ್ನುತ್ತ ತನ್ನ ಪ್ಲೇಟಿನದನ್ನೂ ಅವಳ ಕಡೆಗೆ ಸರಿಸುತ್ತ ಕುಳಿತ. ಕಡೆಗೆ ಬ್ಯಾಂಕಿನ ಮಾತು ಬಂದಾಗ ಅವನ ಕೈ ಒಂದು ಗಳಿಗೆ ನಿಂತದ್ದನ್ನು ಶಾಂಭವಿ ಕಂಡಳು. ಸಂಕೋಚ ಅಂದುಕೊಂಡಳು.

“ಬರ್ತೀನವ” ಎಂದ. “ಸೋಮವಾರ ಶಿರಹಟ್ಟಿಗೆ ಬರ್ತೀನಿ. ನೀ ಬ್ಯಾಂಕಿನ ಮುಂದ ನಿಂದ್ರು.”

ಬರಲಿಕ್ಕಿಲ್ಲ ಎಂದಿದ್ದಳು ಶಾರದವ್ವ. ಆದರೆ ಸೋಮವಾರ ಅವ್ವ–ಮಗಳು ಹೋಗುವಷ್ಟರಲ್ಲಿ ವಿರೂಪಾಕ್ಷಪ್ಪ ಬಂದು ನಿಂತಿದ್ದ. ಗಡ್ಡ ಬೋಳಿಸಿಕೊಂಡಿದ್ದ, ಅಂಗಿ ಇಸ್ತ್ರಿ ಮಾಡಿಸಿದ್ದ. ಹೆಂಡತಿಯನ್ನು ನೋಡಿ ಕೈ ಮುಗಿಯಲೋ ಬೇಡವೋ ಎಂಬಂತೆ ಅರ್ಧ ಎತ್ತಿ ಇಳಿಸಿದ. ಶಾರದವ್ವ ಸೆರಗು ಎಳೆದುಕೊಂಡು ಮುಂದೆ ನಡೆದಳು. ಒಳಗೆ ಬೆಂಚಿನ ಮೇಲೆ ಮೂವರೂ ಸಾಲಾಗಿ ಕುಳಿತರು, ನಡುವೆ ಶಾಂಭವಿ. ಹೀಗೆ ಮೂವರೂ ಒಂದು ಕಡೆ ಕುಳಿತದ್ದು ಯಾವಾಗ ಎಂಬುದೇ ಅವಳಿಗೆ ನೆನಪಾಗಲಿಲ್ಲ. ಹೆಸರು ಕೂಗಿದಾಗ ಅವನು ಎಲ್ಲರಿಗಿಂತ ಮೊದಲು ಎದ್ದ. ತೋರಿಸಿದ ಕಡೆಯಲ್ಲೆಲ್ಲ ಒಂದೊಂದೇ ಅಕ್ಷರ ಕೂಡಿಸಿ, ತಪ್ಪಾದೀತೆಂದು ಉಸಿರು ಹಿಡಿದು ಸಹಿ ಮಾಡಿದ.

ಮ್ಯಾನೇಜರರು ಅವನ ಆಧಾರ, ಪ್ಯಾನ್ ನಂಬರು ಕಂಪ್ಯೂಟರಿಗೆ ಹಾಕಿದರು. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: “ಟೆಂಪೊದ ಮ್ಯಾಲ ಸಾಲ ತಗೊಂಡಿದ್ರೇನು?”

“ಹೌದ್ರಿ. ಸಾಲ ಕೊಟ್ಟೋರ ಗಾಡಿ ಎಳ್ಕೊಂಡು ಹೋದ್ರಲ್ರಿ. ಅದು ಅಲ್ಲಿಗೆ ಮುಗೀತಲ್ರಿ?”

“ಮುಗ್ದಿಲ್ಲರಿ. ಗಾಡಿ ಮಾರಿದ ಮ್ಯಾಲೂ ಬಾಕಿ ಉಳಿದೈತಿ. ನಿಮ್ಮ ಹೆಸರು ಸುಸ್ತಿದಾರರ ಪೈಕಿ ಐತಿ. ನಿಮ್ಮ ಸಹಿ ಇರೋ ಅರ್ಜಿ ನಾ ಮ್ಯಾಲ ಕಳಿಸಿದ್ರೂ ವಾಪಸ್ ಬರ್ತೈತಿ.”

“ಹಂಗಾದ್ರ ಅವರನ್ನ ಬಿಟ್ಟು ನನ್ನೊಬ್ಬಾಕಿನ್ನ ಇಟ್ಕೊಳ್ರಿ ಸಾಹೇಬ್ರ” ಎಂದಳು ಶಾರದವ್ವ.

“ನಿಮ್ಮ ಪಗಾರ ಸಾಲೂದಿಲ್ಲವ್ವ. ಹೊಲ ಇದ್ದೋರು, ನೌಕರಿ ಇದ್ದೋರು ಯಾರರ ಸಂಬಂಧಿಕರು ಬಂದು ನಿಂತ್ರ ನೋಡೋಣು.”

ಬ್ಯಾಂಕಿನ ಮೆಟ್ಟಿಲು ಇಳಿದು ಮೂವರೂ ಬಿಸಿಲಿನಲ್ಲಿ ನಿಂತರು. ಶಾರದವ್ವ ತಿರುಗಿಯೂ ನೋಡದೆ ಬಸ್ ನಿಲ್ದಾಣದ ಕಡೆ ಹೊರಟಳು. ಶಾಂಭವಿ ನಿಂತಳು.

“ಅಪ್ಪಾ, ನಿಮಗ ಮೊದಲ ಗೊತ್ತಿತ್ತೇನು?”

ವಿರೂಪಾಕ್ಷಪ್ಪ ರಸ್ತೆಯ ಆಚೆ ನೋಡುತ್ತ ಹೇಳಿದ: “ನೋಟೀಸು ಬಂದಿದ್ವು. ಗೊತ್ತಿತ್ತವ.”

“ಮುಂಡರಗ್ಯಾಗನ ಹೇಳಿದ್ರ ಆಗ್ತಿದ್ದಿಲ್ಲೇನು? ನಾವು ಬ್ಯಾರೆ ಏನರ ನೋಡ್ತಿದ್ವಿ.”

“ಹೇಳ್ಬೇಕಿತ್ತು. ಇಷ್ಟು ವರ್ಷದ ಮ್ಯಾಲ ಬಂದು ನೀ ಒಂದು ಕೇಳಿದಿ. ಅದಕ್ಕೂ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಹಳೇದು, ಯಾರು ನೋಡ್ತಾರ ಅಂತ…”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ಅಂಗಿಯ ತೋಳಿನ ಮೇಲೆ ಇಸ್ತ್ರಿಯ ಗೆರೆ ಇನ್ನೂ ನೆಟ್ಟಗೆ ಇತ್ತು. “ಬಸ್ಸಿಗೆ ಹೊತ್ತಾತು, ಹೋಗಿ ಬರ್ರಿ” ಎಂದಳು.

ಮರುದಿನ ಶಾರದವ್ವ ಮಗಳನ್ನು ಕರೆದುಕೊಂಡು ಎಷ್ಟೋ ವರ್ಷದಿಂದ ಹತ್ತದ ಮೆಟ್ಟಿಲು ಹತ್ತಿದಳು. ಗಂಡನ ಅಣ್ಣ ಶಿವಯೋಗಿಯ ಮನೆ ಅದೇ ಊರಿನಲ್ಲಿ, ಎರಡು ಓಣಿ ಆಚೆ. ನೀರಾವರಿ ಹೊಲವಿತ್ತು, ಊರಿನಲ್ಲಿ ಮರ್ಯಾದೆಯಿತ್ತು. ಅವನು ಅವರನ್ನು ಕೂಡಿಸಿ ಚಹಾ ಕೊಡಿಸಿದ, ಎಲ್ಲ ಕೇಳಿದ.

“ಹುಡುಗಿ ಶಾಣ್ಯಾಕಿ ಅದಾಳ, ನನಗೂ ಗೊತ್ತೈತಿ” ಎಂದ. “ಆದ್ರ ನಿನ್ನ ಗಂಡಗ ಟೆಂಪೊದ ಸಾಲಕ್ಕ ಜಾಮೀನು ನಿಂತಾಂವ ನಾನ. ಅವ ಹ್ವಾದ ಮ್ಯಾಲ ವಸೂಲಿ ಮಂದಿ ನನ್ನ ಕಟ್ಟಿ ಮ್ಯಾಲ ಬಂದು ಕುಂತ್ರು. ನನ್ನ ಮಗಳನ್ನ ನೋಡಾಕ ಬೀಗರು ಬಂದ ದಿವಸನ ಬಂದು ಕುಂತ್ರು. ಇನ್ನೊಮ್ಮೆ ಸಹಿ ಅಂದ್ರ ನನ್ನ ಕೈ ಏಳೂದಿಲ್ಲ ಶಾರದಾ. ಬ್ಯಾರೆ ಏನರ ಕೇಳ್ರಿ.”

ಹೊರಡುವಾಗ ಅವನ ಹೆಂಡತಿ ಒಂದು ಚೀಲ ಜೋಳ ಕಳಿಸುತ್ತೇನೆ ಅಂದಳು. ಶಾರದವ್ವ ಬೇಡ ಅನ್ನಲಿಲ್ಲ. ಜೋಳ ಬಂತು.

ಕಾಲೇಜಿಗೆ ಶುಲ್ಕ ತುಂಬಿ ಹಾಜರಾಗುವ ಕಡೆಯ ದಿನವನ್ನು ಸರಕಾರ ಒಂದು ವಾರ ಮುಂದೆ ಹಾಕಿತು. ಆ ಒಂದು ವಾರ ಶಾಂಭವಿಗೆ ಮನೆಯಲ್ಲಿ ಕೂಡಲಾಗಲಿಲ್ಲ. ಗದಗಿಗೆ ಹೋಗಿ ನಿಗಮದ ಕಚೇರಿಯಲ್ಲಿ ಕೇಳಿದಳು. ಯಾದಿ ಇನ್ನೂ ಬೆಂಗಳೂರಿನಿಂದ ಬರಬೇಕು ಅಂದರು. ಬಾಗಲಕೋಟೆಯ ಕಾಲೇಜಿಗೆ ಫೋನು ಮಾಡಿ, ಸಾಲ ಬಂದ ಮೇಲೆ ಕಟ್ಟುತ್ತೇನೆ ಎಂದು ಬೇಡಿಕೊಂಡಳು. ಅತ್ತಲಿನ ಹೆಣ್ಣುಮಗಳು ಹಗೂರಕ್ಕೆ ಹೇಳಿದಳು: “ನೀವು ಬರ್ಲಿಲ್ಲಂದ್ರ ನಿಮ್ಮ ಹಿಂದಿನವರಿಗೆ ಸೀಟು ಹೋಗ್ತೈತ್ರಿ. ಅವರೂ ಫೋನ್ ಮಾಡಾಕತ್ತಾರು.” ಶಾರದವ್ವ ಕಿವಿಯೋಲೆ ಬಿಚ್ಚಿ ಮಾರಲು ಲಕ್ಷ್ಮೇಶ್ವರಕ್ಕೆ ಒಯ್ದಳು. ಬಂದ ದುಡ್ಡು ಹಾಸ್ಟೆಲಿನ ಡಿಪಾಜಿಟ್ಟಿಗೂ ಸಾಲಲಿಲ್ಲ. ಸಂಜೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ವಾಪಸು ಬಂದಳು.

ಕಡೆಯ ದಿನ ಹಾಗೆಯೇ ಕಳೆಯಿತು. ಯಾರೂ ಅಳಲಿಲ್ಲ. ಶಾರದವ್ವ ಎಂದಿನಂತೆ ಶಾಲೆಗೆ ಹೋಗಿ ಅನ್ನ ಬೇಯಿಸಿದಳು. ಕೇಳಿದವರಿಗೆಲ್ಲ “ಮುಂದಿನ ವರ್ಷ ಹೋಗ್ತಾಳು” ಅಂದಳು. ಜೋಡಿಯ ಹೆಂಗಸು ಹೌದೌದು ಅಂದಳು.

ದೀಪಾವಳಿ ಮುಗಿದು ಚಳಿ ಹಿಡಿಯುವ ಹೊತ್ತಿಗೆ ನಿಗಮದಿಂದ ಫೋನಿಗೆ ಸಂದೇಶ ಬಂತು. ಶಾಂಭವಿ ಸಾಲಕ್ಕೆ ಆಯ್ಕೆಯಾಗಿದ್ದಳು. ಓಡಿದಂತೆ ಗದಗಿಗೆ ಹೋದಳು. ಅಲ್ಲಿಯ ಸಾಹೇಬರು ಕಾಗದ ನೋಡಿ, “ಎಲ್ಲಾ ಸರಿ ಐತಿ. ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ?” ಎಂದರು.

“ರೊಕ್ಕ ಇರಲಿಲ್ರಿ, ಅದಕ್ಕ ಸೇರಾಕ ಆಗಲಿಲ್ಲ. ಇದು ಬಂದ್ರ ಸೇರ್ತೀನ್ರಿ.”

“ಸೇರಿದೋರಿಗೆ ಅಷ್ಟ ಇದು ಸಿಗ್ತೈತಿ ತಂಗಿ. ಕಾಲೇಜಿನ ಹೆಸರಿಗೇ ರೊಕ್ಕ ಹೋಗ್ತೈತಿ, ನಿನ್ನ ಕೈಗೆ ಅಲ್ಲ.” ಅವಳು ಏಳದೆ ಕುಳಿತದ್ದನ್ನು ನೋಡಿ, “ಹೋದ ವಾರನೂ ಹಿಂಗ ಇಬ್ಬರು ಹುಡುಗ್ಯಾರು ಬಂದಿದ್ರು” ಎಂದರು. ಸಮಾಧಾನಕ್ಕೆಂದೇ ಹೇಳಿರಬೇಕು.

ಆ ಕಚೇರಿಯಿಂದ ಊರಿಗೆ ಹೋಗುವ ಮನಸ್ಸಾಗದೆ ಶಾಂಭವಿ ಸುಮ್ಮನೆ ಬೆಟಗೇರಿಯ ಕಡೆ ನಡೆದಳು. ಒಂದು ಸಣ್ಣ ನರ್ಸಿಂಗ್ ಹೋಮಿನ ಗೋಡೆಗೆ ‘ಕೆಲಸಕ್ಕೆ ಹುಡುಗಿಯರು ಬೇಕಾಗಿದ್ದಾರೆ’ ಎಂದು ಹಚ್ಚಿದ್ದರು. ಒಳಗೆ ಹೋಗಿ ಕೇಳಿದಳು. ಕಲಿತು ಬಂದ ನರ್ಸುಗಳಿಗೆ ನೀಲಿ ಉಡುಪು, ಕಲಿಯದವರಿಗೆ ಗುಲಾಬಿ. ಗುಲಾಬಿಯವರು ಹಾಸಿಗೆ ಬದಲಿಸಬೇಕು, ಪಾತ್ರೆ ತೊಳೆಯಬೇಕು, ರೋಗಿಗಳನ್ನು ಎತ್ತಿ ಕೂಡಿಸಬೇಕು. ಸೂಜಿ ಮುಟ್ಟುವ ಹಾಗಿಲ್ಲ. ಮರುದಿನದಿಂದಲೇ ಬಾ, ಉಳಿಯಲು ಕೋಣೆಯೂ ಇದೆ ಅಂದರು, ಹೋದಳು.

ಅಲ್ಲಿಯ ಹಿರಿಯ ಸಿಸ್ಟರು ಅಲ್ಮಾಸಬಿ ಒಂದೆರಡು ತಿಂಗಳು ಅವಳ ಕೆಲಸ ನೋಡಿ, “ಲೇ ಹುಡುಗಿ, ಮತ್ತ ಪರೀಕ್ಷಾ ಬರಿ. ಇದರಾಗ ಉಳಿದ್ರ ಹಿಂಗ ಉಳೀತಿ” ಅಂದಳು. ಶಾಂಭವಿ ಹೂಂ ಅಂದಳು. ಪುಸ್ತಕಗಳನ್ನು ಊರಿನಿಂದ ತರಿಸಿಕೊಂಡಳು. ಪಾಳಿ ಮುಗಿಸಿ ಬಂದು ಅವನ್ನು ತೆರೆದರೆ ಕಣ್ಣು ಮುಚ್ಚಿ ಬರುತ್ತಿತ್ತು. ಬರೆದರೂ, ಸೀಟು ಬಂದರೂ, ಮತ್ತದೇ ಬ್ಯಾಂಕಿನ ಬೆಂಚು, ಅದೇ ಪರದೆ, ಅಪ್ಪನ ಅದೇ ಹೆಸರು.

ವಿರೂಪಾಕ್ಷಪ್ಪ ಆಗಾಗ ಫೋನು ಮಾಡುತ್ತಿದ್ದ. ಊಟ ಆತೇನು, ಥಂಡಿ ಐತೇನು ಎಂದು ಕೇಳಿ ಇಟ್ಟುಬಿಡುತ್ತಿದ್ದ. ಒಮ್ಮೆ ತಡೆದು ತಡೆದು ಅಂದ: “ಇಲ್ಲಿ ಅಂಗಡ್ಯಾಗ ಕೇಳಿದೋರಿಗೆ ನೀ ನರ್ಸಿಂಗ್ ಕಲ್ಯಾಕತ್ತಿ ಅಂತನ ಹೇಳೀನವ. ತಪ್ಪು ತಿಳ್ಕೊಬ್ಯಾಡ.”

“ಹೇಳ್ರಿ ಅಪ್ಪಾ” ಎಂದಳು. “ಏನಾಗ್ತೈತಿ ಅದಕ್ಕ.”

ಹೊಸ ವರ್ಷದಲ್ಲಿ ಸಿಇಟಿ ಅರ್ಜಿ ಶುರುವಾದಾಗ ಶಫೀಕ ತಾನಾಗಿಯೇ ಕೇಳಿದ: “ತುಂಬ್ಲೇನು ತಂಗಿ? ನನ್ನ ಕೂಲಿ ಏನೂ ಕೊಡಬ್ಯಾಡ.” ನೋಡಿ ಹೇಳ್ತೀನ್ರಿ ಅಂದಳು. ಅವನು ಇನ್ನೊಮ್ಮೆ ಕೇಳಿದ. ಮೂರನೆಯ ಸಲ ಅವನ ಫೋನು ಬಂದಾಗ ಅವಳು ಅಂತೂರ–ಬೆಂತೂರದಿಂದ ಬಂದ ಬಾಣಂತಿಯೊಬ್ಬಳ ಹಾಸಿಗೆ ಬದಲಿಸುತ್ತಿದ್ದಳು, ಎತ್ತಲಿಲ್ಲ. ಅರ್ಜಿಯ ಕಡೆಯ ದಿನ ಸಂಜೆ ಶಾರದವ್ವ ಫೋನು ಮಾಡಿ ಜೋಳದ ಹಿಟ್ಟು ಕಳಿಸಲೇನು ಎಂದು ಕೇಳಿದಳು, ಬೇರೆ ಏನೂ ಕೇಳಲಿಲ್ಲ. ಕಳಿಸು ಅಂದಳು ಶಾಂಭವಿ. ಆ ತಿಂಗಳಿನಿಂದ ಅವಳು ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡಳು. ಅದಕ್ಕೆ ಸ್ವಲ್ಪ ಹೆಚ್ಚು ಕೊಡುತ್ತಾರೆ.