ತಂಗಿಯ ಮಾತಿಗೆ ಬಿದ್ದ ಕೆಂಪು ಗೆರೆ

ಹೈಸ್ಕೂಲಿನ ಇಂಗ್ಲಿಷ್ ಮೇಡಂ ಎದುರು ಬಾಯಿ ಬಿಡಲು ಮನೆಯವರೂ ಹಿಂದೆಮುಂದೆ ನೋಡುತ್ತಿದ್ದರು. ಕೆಲಸಕ್ಕೆ ಸೇರಿದಾಗಿನಿಂದ ಅವರು ಮಕ್ಕಳಿಗೆ ಕಲಿಸುತ್ತಿದ್ದದ್ದು ಇದನ್ನೇ: ಒಂದು ಭಾಷಣವನ್ನು ಕೈಗೆತ್ತಿಕೊಂಡು, ಮಾತಾಡಿದವರು ಎಲ್ಲಿ ನಂಬಿಕೆ ಗಿಟ್ಟಿಸಿದರು, ಎಲ್ಲಿ ಕಣ್ಣೀರು ತರಿಸಿದರು, ಎಲ್ಲಿ ಲೆಕ್ಕ ಕೊಟ್ಟು ಬಾಯಿ ಮುಚ್ಚಿಸಿದರು ಎಂದು ಗೆರೆ ಎಳೆದು ತೋರಿಸುವುದು. ಕಥೆ, ಕವಿತೆಗಳಿಗೂ ಅದೇ ಗತಿ. ಗಂಡ "ನಿನ್ನಂಥ ಚಹಾ ಯಾರೂ ಮಾಡಲ್ಲ" ಅಂದರೆ, "ಹೊಗಳಿದ್ದಾಯ್ತು, ಇನ್ನು ಬೇಡಿಕೆ ಬರಲಿ" ಅನ್ನುತ್ತಿದ್ದರು. ಪಾಪ, ಆ ಮನುಷ್ಯನಿಗೆ ಬೇಕಿದ್ದದ್ದು ಇನ್ನೊಂದು ಲೋಟ ಅಷ್ಟೇ.

ಈ ವರ್ಷವಂತೂ ಮೇಡಂಗೆ ಸಾಕುಸಾಕಾಗಿತ್ತು. ರಜೆ ಹಾಕಿದ್ದ ಇನ್ನೊಬ್ಬ ಟೀಚರ್ ಕೆಲಸವೂ ಇವರ ತಲೆಗೇ ಬಿದ್ದಿತ್ತು. ಮೆಟ್ಟಿಲು ಹತ್ತಿದರೆ ಮಂಡಿ ನೋವು. ಸ್ಟಾಫ್ ರೂಮಿನ ಮೇಜಿನ ಮೇಲೆ ಉತ್ತರ ಪತ್ರಿಕೆಗಳ ಗುಡ್ಡೆ, ಎಲ್ಲದರಲ್ಲೂ ಗೈಡಿನಿಂದ ಇಳಿಸಿದ ಅವೇ ವಾಕ್ಯಗಳು.

ಒಂದು ಮಧ್ಯಾಹ್ನ ತಂಗಿ ಹೇಳದೆ ಕೇಳದೆ ಅಲ್ಲಿಗೇ ಬಂದಳು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ತೋಳಿಗೆ ಅಂಟಿದ ದಾರದ ಎಳೆಗಳನ್ನೂ ಕೊಡವಿಕೊಂಡಿರಲಿಲ್ಲ. ಹಾಸಿಗೆ ಹಿಡಿದ ಅಮ್ಮ ನಾಲ್ಕು ವರ್ಷಗಳಿಂದ ಅವಳ ಮನೆಯಲ್ಲೇ ಇದ್ದರು.

"ಅಕ್ಕಾ, ನಂಗೆ ಇನ್ನು ಆಗ್ತಿಲ್ಲ," ಅಂದಳು. "ರಾತ್ರಿಯೆಲ್ಲ ಎದ್ದಿರ್ತೀನಿ. ಬೆಳಗ್ಗೆ ಸೂಜಿಗೆ ದಾರ ಪೋಣಿಸೋಕೆ ಕಣ್ಣೇ ಕಾಣಲ್ಲ. ನಿನ್ನ ಮೇಲೆ ಹೊರೆ ಹಾಕ್ಬೇಕು ಅಂತಲ್ಲ. ಒಂದು ಮೂರು ತಿಂಗಳು ಅಮ್ಮನ್ನ ನಿನ್ನ ಹತ್ರ ಇಟ್ಕೋ."

ಕೆಂಪು ಪೆನ್ನು ಹಿಡಿದಿದ್ದ ಮೇಡಂ ತಲೆ ಎತ್ತಲಿಲ್ಲ. "ಮೊದಲು ಕಷ್ಟ ತೋಡಿಕೊಂಡೆ. ಆಮೇಲೆ ಸೂಜಿ-ದಾರದ ಉದಾಹರಣೆ, ಚೆನ್ನಾಗಿದೆ. ಹೊರೆ ಹಾಕಲ್ಲ ಅಂತ ಹೇಳಿಯೇ ಹೊರೆ ಹಾಕಿದೆ. ನಮ್ಮ ಮಕ್ಕಳಿಗಿಂತ ನೀನೇ ವಾಸಿ ಕಣೇ!"

ಪಕ್ಕದ ಮೇಜಿನಲ್ಲಿದ್ದ ಲೆಕ್ಕದ ಮೇಷ್ಟ್ರು ಕಿಸಕ್ಕನೆ ನಕ್ಕರು. ತಂಗಿಯೂ ನಗಲು ನೋಡಿದಳು, ಆಗಲಿಲ್ಲ. ಬ್ಯಾಗನ್ನು ಹೆಗಲಿಗೇರಿಸಿಕೊಂಡು ಹೊರಟುಹೋದಳು. ಅಲ್ಲ, ದಣಿದವರು ದಣಿದಿದ್ದೇನೆ ಅನ್ನದೆ ಇನ್ನೇನು ಅನ್ನಬೇಕು?

ಕೊನೆಯ ಪೀರಿಯಡ್‌ನಲ್ಲಿ ಪಾಠಕ್ಕಿದ್ದದ್ದು, ಪ್ರವಾಹದಲ್ಲಿ ಮನೆ ಕಳೆದುಕೊಂಡ ಹೆಂಗಸೊಬ್ಬಳು ಸಭೆಯ ಮುಂದೆ ಆಸರೆ ಕೇಳಿದ ಭಾಷಣ. ಮೇಡಂ ಬೋರ್ಡಿನ ಮೇಲೆ ಅದನ್ನು ಬಿಡಿಬಿಡಿಯಾಗಿ ಬಿಚ್ಚಿಟ್ಟರು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, ಕೊನೆಗೆ ಅವಳಿಗೆ ಜಾಗ ಕೊಟ್ರಾ?"

"ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ."

ಅಂದಿದ್ದೇನೋ ಅಂದರು, ಆಮೇಲೆ ಸೀಮೆಸುಣ್ಣ ಮುಂದಕ್ಕೆ ಹೋಗಲಿಲ್ಲ. ತಂಗಿಗೆ ತಾವು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಬರೀ ಮಾರ್ಕ್ಸ್ ಹಾಕಿ ಕಳಿಸಿದ್ದರು.

ಶಾಲೆ ಬಿಟ್ಟಿದ್ದೇ ತಡ, ಆಟೋ ಹಿಡಿದು ತಂಗಿಯ ಮನೆಗೆ ಹೋದರು. ಅವಳು ಮಿಷನ್ ಮುಂದೆ ಕೂತಿದ್ದಳು. ಪಕ್ಕದ ಮಂಚದಲ್ಲಿ ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

"ಅಮ್ಮನ್ನ ಕರ್ಕೊಂಡು ಹೋಗೋಕೆ ಬಂದೆ," ಅಂದರು ಮೇಡಂ.

ತಂಗಿ ಮಿಷನ್ ನಿಲ್ಲಿಸಿದಳು. ಅವಳ ದನಿಯಲ್ಲಿ ಕುಹಕವೇನೂ ಇರಲಿಲ್ಲ, ಸುಸ್ತಿತ್ತು ಅಷ್ಟೇ. "ನಾನು ಹೇಳಿದ್ರಲ್ಲಿ ಯಾವುದು ಕೆಲಸ ಮಾಡ್ತು ಅಕ್ಕಾ?"

ಮೇಡಂ ನಾಲಿಗೆಯ ತುದಿಗೆ ಒಳ್ಳೊಳ್ಳೆ ಉತ್ತರಗಳು ಬಂದವು. ಎಲ್ಲವನ್ನೂ ನುಂಗಿಕೊಂಡು, ಅಮ್ಮನ ಬಟ್ಟೆ ಮಡಚಿ ಚೀಲಕ್ಕೆ ಹಾಕತೊಡಗಿದರು.

ಆಗ ಅಮ್ಮ ಗೋಡೆ ಕಡೆಯಿಂದಲೇ ಮಾತಾಡಿದರು. "ಮೂರು ತಿಂಗಳು ಆದ್ಮೇಲೆ ನನ್ನನ್ನ ಯಾರು ಇಟ್ಕೊಳ್ತೀರಿ, ಅದನ್ನೂ ಈಗ್ಲೇ ಮಾತಾಡಿ ಮುಗಿಸ್ಬಿಡಿ. ನಾನೂ ಕೇಳಿಸ್ಕೊಳ್ತೀನಿ."

ಅಕ್ಕ ತಂಗಿಯ ಮುಖ ನೋಡಿದರು. ತಂಗಿ ಅಕ್ಕನ ಮುಖ ನೋಡಿದಳು. ಮೇಡಂ ಚೀಲ ಕೆಳಗಿಟ್ಟು, ಅಮ್ಮನ ಮಂಚದ ಅಂಚಿಗೆ ಕೂತರು.