ಬಿಳಿ ಪುಟದ ಅಂಚಿನಲ್ಲಿ ನಿಂತವರು

ಬೀದಿಯವರೆಲ್ಲ ಅವರನ್ನು ಡಾಕ್ಟರು ಎಂದೇ ಕರೆಯುತ್ತಿದ್ದರು. ಅವರು ಡಾಕ್ಟರಲ್ಲ, ಕನ್ನಡಕದ ಅಂಗಡಿಯವರು. ಯಾರೋ ಒಮ್ಮೆ ಬಾಯಿತಪ್ಪಿ ಹಾಗೆ ಕರೆದಾಗ ಇವರು ತಿದ್ದಲಿಲ್ಲ. ಆಮೇಲೆ ತಿದ್ದುವ ಕಾಲ ಮೀರಿತು. ಮೊಣಕಾಲುದ್ದದ ಬಿಳಿ ಕೋಟನ್ನೂ ಹೊಲಿಸಿಕೊಂಡಿದ್ದರು. ಧೂಳಿಗೆ ಎಂದು ಕಾರಣ ಹೇಳುತ್ತಿದ್ದರು. ಅಂಗಡಿಯಲ್ಲಿ ಆ ಕೋಟಿನಷ್ಟು ಚೊಕ್ಕಟವಾಗಿ ಧೂಳು ಹಿಡಿಯುವ ವಸ್ತು ಇನ್ನೊಂದಿರಲಿಲ್ಲ.

ಅಂಗಡಿಯ ಒಳಕೋಣೆಯಲ್ಲಿ ಒಂದು ಆಳವಾದ ಡ್ರಾಯರ್ ಇತ್ತು. ಕಣ್ಣು ತೋರಿಸಿ, ಫ್ರೇಮು ಆರಿಸಿ, ನಾಳೆ ಬರುತ್ತೇನೆ ಎಂದು ಹೋದವರು ಮತ್ತೆ ಬಾರದೇ ಉಳಿದ ಕನ್ನಡಕಗಳು ಅದರಲ್ಲಿದ್ದವು. ಕೆಲವರು ಊರು ಬಿಟ್ಟಿರಬಹುದು, ಕೆಲವರು ಮರೆತಿರಬಹುದು, ಇನ್ನು ಕೆಲವರು ಕನ್ನಡಕದ ಅಗತ್ಯವೇ ಇಲ್ಲದ ಕಡೆಗೆ ಹೋಗಿರಬಹುದು. ಬೇರೆ ಅಂಗಡಿಯವರಾದರೆ ಗಾಜು ತೆಗೆದು ಫ್ರೇಮನ್ನು ಮತ್ತೆ ಮಾರುತ್ತಿದ್ದರು. ಡಾಕ್ಟರಿಗೆ ಮನಸ್ಸು ಬರಲಿಲ್ಲ.

ಈ ಬೇವಾರಸು ಕನ್ನಡಕಗಳಿಗೆ ತಾವೇ ಒಂದು ವೆಬ್‌ಸೈಟ್ ಕಟ್ಟುವುದಾಗಿ ಅವರು ಒಂದು ದಿನ ಊಟಕ್ಕೆ ಕೂತಾಗ ಪ್ರಕಟಿಸಿದರು. ಅದನ್ನು ಯಾರು ನೋಡುತ್ತಾರೆ ಎಂದು ಹೆಂಡತಿ ಕೇಳಿದಳು. ಅಂಗಡಿಯ ಲೆಕ್ಕ, ಗಿರಾಕಿ, ಗಂಡ ಮೂರನ್ನೂ ಒಟ್ಟಿಗೆ ಸಂಭಾಳಿಸುತ್ತಿದ್ದವಳು ಅವಳೇ. ಜಗತ್ತು ನೋಡುತ್ತದೆ ಎಂದು ಡಾಕ್ಟರು ಗಂಭೀರವಾಗಿ ಹೇಳಿದರು.

"ನೋಡ್ಲಿ ಬಿಡಿ. ಕಣ್ಣು ಕಾಣದಿದ್ರೆ ಜಗತ್ತು ನಮ್ಮ ಅಂಗಡಿಗೇ ಬರ್ಬೇಕಲ್ಲ," ಎಂದು ಅವಳು ಸಾರು ಬಡಿಸಿದಳು.

ಕಲಿಸುವ ಪಾಡು ಸೊಸೆಯ ತಲೆಗೆ ಬಂತು. ಅವಳು ಒಂದು ಕಚೇರಿಗೆ ವೆಬ್ ಪುಟಗಳನ್ನು ಮಾಡಿಕೊಡುವ ಕೆಲಸದಲ್ಲಿದ್ದಳು. ಪುಟವೆಂದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ, ಮೊದಲು ಪೆಟ್ಟಿಗೆಗಳನ್ನು ನೆಟ್ಟಗೆ ಜೋಡಿಸಬೇಕು, ಬಣ್ಣ ಆಮೇಲೆ ಎಂದು ಹೇಳಿಕೊಟ್ಟಳು. ಡಾಕ್ಟರು ಬಣ್ಣವನ್ನೇ ಮೊದಲು ಬಳಿದರು. ಶೀರ್ಷಿಕೆ ಹಸಿರು, ಅದರ ನೆರಳು ಕೆಂಪು, ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತಿದ್ದವು. ಸೊಸೆ ಅದನ್ನು ನೋಡಿ, ಓದುವವರು ಇದರ ಹಿಂದೆ ಓಡಬೇಕಾ ಮಾವ ಎಂದು ಮೆಲ್ಲಗೆ ಕೇಳಿದಳಂತೆ. ಎರಡು ದಿನ ಮಾತು ಬಿಟ್ಟ ಡಾಕ್ಟರು ಮೂರನೆಯ ದಿನ ಎಲ್ಲವನ್ನೂ ಅಳಿಸಿ ಪುಟವನ್ನು ಬೆಳ್ಳಗೆ ಮಾಡಿದರು. ಆ ಮೇಲೆ ಗಿರಾಕಿಗಳಿಗೂ ವಿನ್ಯಾಸದ ಪಾಠ ಶುರುವಾಯಿತು. ಓದುವ ಕನ್ನಡಕಕ್ಕೆ ಬಂದವರು ಪುಟದಲ್ಲಿ ಅಂಚು ಬಿಡುವುದರ ಮಹತ್ವ ಕೇಳಿಕೊಂಡು ಹೋಗುತ್ತಿದ್ದರು.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದಿರುವ ಹೊತ್ತಿನಲ್ಲಿ ಅವರು ಒಂದೊಂದೇ ಕನ್ನಡಕವನ್ನು ಕಡ್ಡಿ ಬಿಡಿಸಿಟ್ಟು ಫೋಟೊ ತೆಗೆದು ಪುಟಕ್ಕೆ ಏರಿಸುತ್ತಿದ್ದರು. ಸಾಲು ಬೆಳೆಯಿತು. ಮುಖಗಳಿಲ್ಲದ ನೋಟಗಳು ಬಿಳಿಯ ಮೇಲೆ ತೇಲುತ್ತಿದ್ದವು, ಎಲ್ಲವೂ ಅವರ ಕಡೆಗೇ ತಿರುಗಿಕೊಂಡು.

ಅಂಥ ಒಂದು ಮಧ್ಯಾಹ್ನ ಚಿತ್ರಗಳ ಸಾಲು ನೇರವಾಗಿದೆಯೇ ಎಂದು ಪರದೆಗೆ ಬಗ್ಗಿದಾಗ, ಪುಟದ ಎಡ ಅಂಚಿನಲ್ಲಿ ಯಾರೋ ನಿಂತಿದ್ದರು.

ಮುಖ ಮೂತಿ ಏನಿಲ್ಲ. ಹೊಗೆಯ ಬಣ್ಣದ ಒಂದು ಉದ್ದ ನೆರಳು, ಬಾಗಿಲ ಸಂದಿಯಲ್ಲಿ ಒಳಗೆ ಬರಲೋ ಬೇಡವೋ ಎಂದು ನಿಂತವರ ಹಾಗೆ. ಡಾಕ್ಟರು ಹಿಂದಕ್ಕೆ ಸರಿದರು. ಪುಟ ಬೆಳ್ಳಗಿತ್ತು. ಮತ್ತೆ ಬಗ್ಗಿದರು. ನಿಂತಿತ್ತು.

ಪುಟಕ್ಕೆ ತಾವು ಬರೆದ ಕೋಡ್‌ನಲ್ಲಿ ಎಲ್ಲೋ ಕೊಳೆ ಸೇರಿದೆ ಎಂದು ಅವರು ಮೊದಲು ನಂಬಿದರು. ಎಡಗಡೆಯ ಪೆಟ್ಟಿಗೆ ತೆಗೆದು ಹಾಕಿದರು, ಅಂಚು ಹೆಚ್ಚಿಸಿದರು, ಪರದೆಯನ್ನು ಗಾಜು ಒರೆಸುವ ಬಟ್ಟೆಯಿಂದ ತಿಕ್ಕಿದರು. ಹೆಂಡತಿಯನ್ನು ಕರೆದು ತೋರಿಸಿದರು. ಅವಳಿಗೆ ಕಂಡದ್ದು ಕನ್ನಡಕಗಳು ಮಾತ್ರ. ಅದು ಅವರು ಹತ್ತಿರದಿಂದ ದಿಟ್ಟಿಸಿದಾಗ ಮಾತ್ರ ಬರುತ್ತಿತ್ತು. ಬಂದಾಗಲೆಲ್ಲ ಹಿಂದಿನ ಸಲಕ್ಕಿಂತ ಒಂದು ಹೆಜ್ಜೆ ಒಳಗಿರುತ್ತಿತ್ತು. ಮೊದಲು ಅಂಚಿನಲ್ಲಿ. ಕೆಲವು ದಿನಗಳಲ್ಲಿ ಮೊದಲ ಕನ್ನಡಕದ ಮೇಲೆ. ಆಮೇಲೆ ಎರಡನೆಯದರ ಮೇಲೆ. ಒಂದೊಂದನ್ನೇ ಹಾಕಿಕೊಂಡು, ತನ್ನದಲ್ಲ ಎಂದು ಬಿಟ್ಟು, ಮುಂದಿನದಕ್ಕೆ ಕೈ ಹಾಕುವ ಹಾಗೆ.

ಡಾಕ್ಟರು ಗಿರಾಕಿಗಳೊಡನೆ ಮಾತು ಕಡಿಮೆ ಮಾಡಿದರು. ಡ್ರಾಯರ್ ತೆಗೆಯುವಾಗ ಕೆಮ್ಮಿ ತೆಗೆಯುತ್ತಿದ್ದರು, ಒಳಗಿರುವವರಿಗೆ ಮುಜುಗರವಾಗದಿರಲಿ ಎಂಬಂತೆ. ಕೊನೆಗೆ ಒಂದು ಉಪಾಯ ಹೊಳೆದು ಪುಟದ ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಿದರು. ನೆರಳು ಮಾಯವಾಯಿತು. ವಿನ್ಯಾಸದಲ್ಲಿ ತಮಗೆ ದಕ್ಕಿದ ಮೊದಲ ಸ್ವಂತ ವಿದ್ಯೆ ಇದು ಎಂದು ಬೀಗಿ, ಆ ವಾರವೆಲ್ಲ ಹೊಟ್ಟೆ ತುಂಬ ಊಟ ಮಾಡಿದರು.

ಆದರೆ ಒಂದು ಬೆಳಿಗ್ಗೆ, ಗಾಜಿನ ಪವರ್ ನೋಡುವ ಯಂತ್ರಕ್ಕೆ ಕಣ್ಣಿಟ್ಟಾಗ, ಅದರೊಳಗಿನ ಬೆಳಕಿನ ವೃತ್ತದಲ್ಲಿ ಅದೇ ನೆರಳು ಅರ್ಧ ಬಾಗಿಲು ಎಳೆದ ಹಾಗೆ ನಿಂತಿತ್ತು. ಪುಟದಿಂದ ಇಳಿದು ಅಂಗಡಿಗೇ ಬಂದಿತ್ತು. ಡಾಕ್ಟರು ಗಿರಾಕಿಗೆ ಯಂತ್ರ ಕೆಟ್ಟಿದೆ ಎಂದು ಹೇಳಿ ಕಳಿಸಿ, ಸ್ಟೂಲಿನ ಮೇಲೆ ಕೂತುಬಿಟ್ಟರು.

ಅಂದು ರಜೆಯಲ್ಲಿದ್ದ ಸೊಸೆ ಬಂದು, ಮೊದಲಿಂದ ಎಲ್ಲವನ್ನೂ ಹೇಳಿಸಿಕೊಂಡಳು. ನಗಲಿಲ್ಲ. ಪುಟವನ್ನು ಮತ್ತೆ ಬೆಳ್ಳಗೆ ಮಾಡಿ, ಹೇಗೆ ನೋಡುತ್ತೀರಿ ತೋರಿಸಿ ಎಂದಳು. ಅವರು ಬಗ್ಗಿದರು.

"ಮಾವ, ಬಲಗಣ್ಣು ಯಾಕೆ ಮುಚ್ಚಿದ್ರಿ?"

"ಮುಚ್ಚದೆ ಗೆರೆ ನೇರ ಇದೆಯೋ ಇಲ್ವೋ ಹೇಗಮ್ಮ ಗೊತ್ತಾಗುತ್ತೆ? ಆ ಯಂತ್ರದ ಮುಂದೆ ಇಷ್ಟು ವರ್ಷ ಹೀಗೇ ನೋಡಿರೋದು."

"ಈಗ ಆ ಕಣ್ಣು ತೆರೆದು, ಎಡಗಣ್ಣು ಮುಚ್ಚಿ."

ಅವರು ಎಡಗಣ್ಣು ಮುಚ್ಚಿದರು. ಪುಟದಲ್ಲಿ ಯಾರೂ ಇರಲಿಲ್ಲ. ಬಲಗಣ್ಣು ಮುಚ್ಚಿದರು. ಇದ್ದರು, ಸಾಲಿನ ನಡುವಿಗೆ ಬಂದು ನಿಂತಿದ್ದರು.

ಆಸ್ಪತ್ರೆಗೆ ಹೋಗೋಣ ಎಂದಳು ಸೊಸೆ. ಡಾಕ್ಟರಿಗೆ ಸಿಟ್ಟು ಬಂತು. ಬೀದಿಯ ಕಣ್ಣುಗಳನ್ನೆಲ್ಲ ನೋಡಿದವರು ತಾವು, ತಮ್ಮ ಕಣ್ಣು ತಮಗೆ ಗೊತ್ತಿಲ್ಲವೇ ಎಂದು ಎದ್ದು, ಗಿರಾಕಿಯ ಕುರ್ಚಿಯಲ್ಲಿ ಜೀವನದಲ್ಲಿ ಮೊದಲ ಸಲ ಕೂತರು. ಬಲಗಣ್ಣಿಗೆ ಅಂಗೈ ಒತ್ತಿ, ಎದುರು ಗೋಡೆಯ ಬೋರ್ಡಿನ ಅಕ್ಷರಗಳನ್ನು ಓದತೊಡಗಿದರು. ದಪ್ಪ ಅಕ್ಷರದಿಂದ ಹಿಡಿದು, ಯಾವ ಗಿರಾಕಿಯೂ ತಿಣುಕದೆ ಓದದ ಕೊನೆಯ ಸಣ್ಣ ಸಾಲಿನವರೆಗೆ, ಗಂಟೆ ಹೊಡೆದ ಹಾಗೆ, ಒಂದೂ ತಪ್ಪಲಿಲ್ಲ.

"ಈಗೇನಂತೀರಿ?" ಎಂದರು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೆಲ್ಲಗೆ ಹೇಳಿದಳು.

"ಬೋರ್ಡಿನ ದೀಪ ಹಾಕಿಲ್ಲ ರೀ."

ಡಾಕ್ಟರು ಅಂಗೈ ತೆಗೆದು ನೋಡಿದರು. ಎದುರಿಗೆ ಕಪ್ಪು ಚೌಕ. ಬಾಯಿಪಾಠ ಬಂದ ಬೋರ್ಡನ್ನು ಅವರು ಕಣ್ಣಿಲ್ಲದೆಯೂ ಓದಬಲ್ಲವರಾಗಿದ್ದರು. ಕೋಟಿನ ಗುಂಡಿ ಬಿಚ್ಚಲು ಹೆಂಡತಿಯೇ ಬರಬೇಕಾಯಿತು.

ಆಸ್ಪತ್ರೆಯಲ್ಲಿ ಅವರನ್ನು ಯಾರೂ ಡಾಕ್ಟರೆಂದು ಕರೆಯಲಿಲ್ಲ. ಕಣ್ಣಿನ ಹಿಂಬದಿಯ ಪದರ ಗೋಡೆಯ ಸುಣ್ಣದ ಹಾಗೆ ಅಂಚಿನಿಂದ ಬಿಟ್ಟುಕೊಂಡು ಬಂದಿದೆ, ನಡುಭಾಗ ಇನ್ನೂ ಅಂಟಿದೆ, ತಡಮಾಡಿದ್ದರೆ ಎಡಗಣ್ಣು ಕೈಬಿಡುತ್ತಿತ್ತು ಎಂದು ವೈದ್ಯೆ ವಿವರಿಸಿದರು. ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ, ಪದರ ಮತ್ತೆ ಅಂಟಿಕೊಳ್ಳಲಿ ಎಂದು, ಬಹಳ ದಿನ ಮುಖ ಕೆಳಗೆ ಮಾಡಿಕೊಂಡೇ ಮಲಗಬೇಕಿತ್ತು. ತಲೆ ಎತ್ತಿ ಮಾತಾಡಿ ಅಭ್ಯಾಸವಿದ್ದ ಮನುಷ್ಯ ನೆಲದ ಹಾಸುಗಲ್ಲಿಗೆ ಅಭಿಪ್ರಾಯ ಹೇಳುತ್ತ ಕಾಲ ಕಳೆದರು. ಹೆಂಡತಿ ಹಾಸಿಗೆಯ ಎಡಗಡೆ ಕುರ್ಚಿ ಹಾಕಿಕೊಂಡು ಅಷ್ಟನ್ನೂ ಕೇಳಿಸಿಕೊಂಡಳು.

ಕೊನೆಯ ಪರೀಕ್ಷೆಯ ದಿನ ವೈದ್ಯೆ ಅವರ ಬಲಗಣ್ಣು ಮುಚ್ಚಿ, ಒಂದು ಖಾಲಿ ಬಿಳಿ ಹಾಳೆ ಹಿಡಿದು, ಏನಾದರೂ ಕಾಣುತ್ತದೆಯೇ ಎಂದು ಕೇಳಿದರು. ಡಾಕ್ಟರು ಬಹಳ ಹೊತ್ತು ನೋಡಿದರು. ನಡುವೆಲ್ಲ ಬೆಳ್ಳಗಿತ್ತು.

"ಇದ್ದಾರೆ. ಆದರೆ ಹಿಂದಕ್ಕೆ ಹೋಗಿ, ಎಡಗಡೆ ತುದಿಯಲ್ಲಿ ನಿಂತ್ಕೊಂಡಿದ್ದಾರೆ."

ಅಷ್ಟು ಉಳಿಯುತ್ತದೆ, ಅದು ಹೋಗುವುದಿಲ್ಲ, ಇನ್ನು ಮುಂದೆ ಬರುವುದೂ ಇಲ್ಲ ಎಂದು ವೈದ್ಯೆ ಹೇಳಿ ಹೊರಟರು.

ಅವರ ಎಡಗಡೆ ಕೂತಿದ್ದ ಹೆಂಡತಿ ತನ್ನ ಪಕ್ಕದ ಖಾಲಿ ಜಾಗವನ್ನು ಒಮ್ಮೆ ನೋಡಿದಳು. ಆಮೇಲೆ ಎದ್ದು, ಕುರ್ಚಿಯನ್ನು ಸದ್ದಾಗದ ಹಾಗೆ ಎತ್ತಿಕೊಂಡು ಬಂದು ಅವರ ಬಲಗಡೆಗೆ ಹಾಕಿಕೊಂಡು ಕೂತಳು.