ಕೊಲಂಬೊ ಎಷ್ಟು ದೂರ

ಅಕ್ಕ ಸಿರುಗುಪ್ಪದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ನಿವೃತ್ತಿಯಾದ ಮೇಲೆ ಹಿರಿಯರ ಕ್ರೀಡಾಕೂಟಗಳಲ್ಲಿ ಡಿಸ್ಕಸ್ ಎಸೆಯಲು ಶುರುಮಾಡಿದಳು. ಹೋದ ವರ್ಷ ಕೊಲಂಬೊದ ಕೂಟಕ್ಕೆ ಆಯ್ಕೆಯಾದಾಗ, ಜೊತೆಗೆ ಬಾ ಎಂದು ನನಗೆ ಗಂಟುಬಿದ್ದಳು. ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಬಟ್ಟೆ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಹೊರಟೆ. ಇಬ್ಬರೂ ಅದುವರೆಗೆ ವಿಮಾನ ಹತ್ತಿದವರಲ್ಲ.

ಹೊರಡುವ ಮೊದಲು ಅಕ್ಕ ಫೋನಿನಲ್ಲಿ ಕೇಳಿದ್ದಳು: "ಬೆಂಗಳೂರಿಂದ ಕೊಲಂಬೊಕ್ಕ ಎಷ್ಟೊತ್ತಲೇ?"

"ಒಂದೂವರೆ ತಾಸಂತ. ನೀ ಸಿರುಗುಪ್ಪದಾಗ ಬಸ್ ಹತ್ತಿ ಬಳ್ಳಾರಿಗೆ ಬರ್ತೀಯಲ್ಲ, ಅಷ್ಟ."

"ಸುಳ್ಳು ಹೇಳಬ್ಯಾಡ. ನಡುವ ಸಮುದ್ರ ಐತಿ."

ನಿಜಕ್ಕೂ ದೂರವೆನಿಸಿದ್ದು ಬೆಂಗಳೂರೇ. ವಿಮಾನ ನಿಲ್ದಾಣ ಮುಟ್ಟಲು ಹಗಲೆಲ್ಲ ಹಿಡಿಯಿತು. ಅಲ್ಲಿ ಒಂದಾದ ಮೇಲೊಂದು ಸಾಲಿನಲ್ಲಿ ನಿಂತು ಕಾಲು ಬಿದ್ದುಹೋದವು. ವಿಮಾನ ಏರಿದ ಮೇಲೆ ಅಕ್ಕ ಕಿಟಕಿಗೆ ಹಣೆ ಹಚ್ಚಿ ಕೂತಳು. ತಿನ್ನಲು ಕೊಟ್ಟದ್ದು ಮುಗಿಯುವಷ್ಟರಲ್ಲಿ, ಇನ್ನೇನು ಇಳಿಯುತ್ತೇವೆ, ಬೆಲ್ಟ್ ಕಟ್ಟಿಕೊಳ್ಳಿ ಎಂದರು.

"ಮುಗೀತೇನು? ಇಷ್ಟ?" ಎಂದಳು. ದನಿಯಲ್ಲಿ ಸಂತೋಷವಿರಲಿಲ್ಲ.

ಆಮೇಲೆ ತಾನಾಗಿ ಹೇಳಿದಳು. ನಾವು ಕುರುಗೋಡಿನಲ್ಲಿದ್ದಾಗ, ಅವಳಿನ್ನೂ ಶಾಲೆಯಲ್ಲಿ ಓದುವಾಗ, ರಾಜ್ಯಮಟ್ಟದ ಕೂಟಕ್ಕೆ ಮೈಸೂರಿಗೆ ಹೋಗಬೇಕಿತ್ತಂತೆ. ಅಪ್ಪ ಕಳಿಸಲಿಲ್ಲ. ಆಗ ನಾನು ತೀರಾ ಚಿಕ್ಕವಳು, ಏನೂ ನೆನಪಿಲ್ಲ.

"'ಅಷ್ಟು ದೂರ ಹೆಣ್ಣುಹುಡುಗೀನ ಹೆಂಗ ಕಳಸ್ಲಿ' ಅಂದ. ನಾನೂ ನಂಬಿದ್ದೆ. ಮೈಸೂರಂದ್ರ ಎಲ್ಲೋ ಲೋಕದ ಆಚಿಗೆ ಐತಿ ಅಂತ."

ಅಪ್ಪ ಕೆಟ್ಟವನಾಗಿರಲಿಲ್ಲ. ನಮಗೆ ಜ್ವರ ಬಂದರೆ ಹೆಗಲ ಮೇಲೆ ಹೊತ್ತು ಡಾಕ್ಟರ ಮನೆಗೆ ಓಡುತ್ತಿದ್ದ. ಆದರೆ ಅವನು ಬಳ್ಳಾರಿ ದಾಟಿ ಹೋದವನೇ ಅಲ್ಲ. ತಾನು ಕಾಣದ ಊರುಗಳೆಲ್ಲ ಅವನ ಪಾಲಿಗೆ ಒಂದೇ ದೂರದಲ್ಲಿದ್ದವು, ಮೈಸೂರೂ ಅಷ್ಟೇ, ಕೊಲಂಬೊನೂ ಅಷ್ಟೇ. ಇದನ್ನು ಅಕ್ಕನಿಗೆ ಹೇಳೋಣವೆನಿಸಿತು. ಆದರೆ ಇಷ್ಟು ವರ್ಷ ಒಳಗೇ ಇಟ್ಟುಕೊಂಡ ಸಿಟ್ಟು ಈಗಷ್ಟೇ ಬಾಯಿಗೆ ಬಂದಿತ್ತು. ಅದಕ್ಕೆ ನಾನು ಸಮಾಧಾನ ಹೇಳಹೋಗುವುದು ಬೇಡವೆನಿಸಿತು.

ಮರುದಿನ ಮಳೆ ಬಂದು ಮೈದಾನ ಒದ್ದೆಯಾಗಿತ್ತು. ಅಕ್ಕನ ಮೊದಲ ಎಸೆತ, ಎಸೆಯುವ ಜಾಗದ ಸುತ್ತ ಕಟ್ಟಿದ್ದ ಬಲೆಗೆ ಬಡಿಯಿತು. ಎರಡನೆಯದರಲ್ಲಿ ಕಾಲು ಜಾರಿತು. ಎಸೆಯಲು ಕಾಯುತ್ತಿದ್ದ ಅಲ್ಲಿಯ ಹೆಂಗಸೊಬ್ಬಳು ತನ್ನ ಟವೆಲ್ ಚಾಚಿ, ಬೂಟಿನ ತಳ ಒರೆಸಿಕೊ ಎಂದು ಕೈಸನ್ನೆ ಮಾಡಿದಳು. ಅಕ್ಕ ಒರೆಸಿಕೊಂಡಳು. ಮೂರನೆಯ ಸಲ ಗಿರ್ರನೆ ತಿರುಗಿ ಬಿಟ್ಟ ಡಿಸ್ಕಸ್ ಬಲೆಯ ಬಾಯಿಂದ ನೆಟ್ಟಗೆ ಹೊರಟು, ಮೇಲೇರಿ, ನಾನು ಎಣಿಸಿದ್ದಕ್ಕಿಂತ ಎಷ್ಟೋ ಆಚೆ ಬಿದ್ದಿತು. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಸಂಜೆ ಅಕ್ಕ ಭಾವನಿಗೆ ಫೋನ್ ಮಾಡಿದಳು.

"ಐದನೇದಾಕಿ ಬಂದೀನ್ರಿ."

"ಎಷ್ಟು ಮಂದಿ ಇದ್ರು?"

"ಆರು ಮಂದಿ."

ಭಾವ ಆ ಕಡೆ ನಕ್ಕದ್ದು ನನಗೂ ಕೇಳಿಸಿತು. ಅಕ್ಕ ನಗಲಿಲ್ಲ.

"ಮೂರನೇದು ಭಾಳ ಚೊಲೊ ಹೋತು," ಎಂದಳು. "ನೀವು ನೋಡಬೇಕಿತ್ತು."